ಮರದ ಮೇಲೆ ಹಕ್ಕಿ, ಮರದಲ್ಲಿ ಹಣ್ಣು: ಇನ್, ಆನ್, ಅಟ್ ಆರಿಸುವುದು ಹೇಗೆ?

ಕೊಡಗಿನ ಕಕ್ಕಬ್ಬೆ ಕಡೆ ನಮ್ಮದೊಂದು ಸಣ್ಣ ಹೋಮ್‌ಸ್ಟೇ ಇದೆ. ಬುಕ್ ಮಾಡಿದವರಿಗೆ ಕಳಿಸಲು ಇಂಗ್ಲಿಷಿನಲ್ಲಿ ದಾರಿ ಹೇಳುವ ಒಂದು ಮೆಸೇಜ್ ಬರೆದಿಟ್ಟುಕೊಂಡಿದ್ದೇನೆ. ಇರುವುದು ಐದು ಸಾಲು. ಅದನ್ನು ತಿದ್ದಿದಷ್ಟು ಸಲ ತೋಟದ ಬೇಲಿಯನ್ನೂ ನಾನು ರಿಪೇರಿ ಮಾಡಿಲ್ಲ. ಮೊದಲ ವರ್ಷ 'ಅವರ್ ಹೌಸ್ ಈಸ್ ಅಂಡರ್ ದ ರೋಡ್' ಎಂದು ಬರೆದಿದ್ದೆ. ನಮ್ಮ ಕಡೆ ಯಾರ ಮನೆ ಕೇಳಿದರೂ 'ರಸ್ತೆ ಮೇಲಿನ ಮನೆ', 'ರಸ್ತೆ ಕೆಳಗಿನ ಮನೆ' ಅಂತಲೇ ಗುರುತು ಹೇಳುವುದು. ನಮ್ಮದು ರಸ್ತೆ ಕೆಳಗಿನದು, ಇಳಿಜಾರಲ್ಲಿ ಇಳಿದು ಬರಬೇಕು. ಆದರೆ ಇಂಗ್ಲಿಷಿನಲ್ಲಿ ಹಾಗೆ ಬರೆದರೆ ಮನೆಯ ತಲೆಯ ಮೇಲೆಯೇ ಡಾಂಬರು ಹಾಕಿದಂತೆ. ಬಂದ ಅತಿಥಿಯೊಬ್ಬರು ಕಾಫಿ ಕುಡಿಯುತ್ತಾ, "ಸುರಂಗದ ಮನೆ ನೋಡಬಹುದು ಅಂತ ಮಕ್ಕಳು ಖುಷಿಯಲ್ಲಿದ್ದರು" ಎಂದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪ್ರಿಪೊಸಿಷನ್ ಅಭ್ಯಾಸ, ಅಂದರೆ ಇನ್, ಆನ್, ಅಂಡರ್‌ನಂಥ ಜಾಗ ತೋರಿಸುವ ಪದಗಳ ಅಭ್ಯಾಸ.

ಈಗ ಅಣ್ಣನ ಮಗಳು ಪಿಯುಸಿ ಓದುತ್ತಿದ್ದಾಳೆ. ಆ ಮೆಸೇಜಿನ ಉಸ್ತುವಾರಿ ಅವಳದು. ಅವಳ ದೂರು ಒಂದೇ: "ಚಿಕ್ಕಪ್ಪ, ಕನ್ನಡದಲ್ಲಿ ಎಲ್ಲದಕ್ಕೂ 'ಅಲ್ಲಿ' ಅಂದ್ರೆ ಮುಗೀತು. ಇಂಗ್ಲಿಷಿನವರಿಗೆ ಮಾತ್ರ ಯಾಕೆ ಇನ್, ಆನ್, ಅಟ್ ಅಂತ ಮೂರು ಬೇಕು?"

ಅವಳ ಮಾತು ಸರಿ. ಪ್ರಥಮಾ ಉ, ದ್ವಿತೀಯಾ ಅನ್ನು ಎಂದು ರಾಗವಾಗಿ ಹೇಳುತ್ತಾ ಸಪ್ತಮಿಗೆ ಬಂದರೆ ಅಲ್ಲಿರುವುದು 'ಅಲ್ಲಿ' ಒಂದೇ. ಮನೆಯಲ್ಲಿ, ಬಸ್ಸಿನಲ್ಲಿ, ಗೇಟಿನಲ್ಲಿ, ದಾರಿಯಲ್ಲಿ, ಮಡಿಕೇರಿಯಲ್ಲಿ. ಹಳಗನ್ನಡದಲ್ಲಿ ಇದೇ ಜಾಗದಲ್ಲಿ 'ಒಳ್' ಇತ್ತು, ಮನೆಯೊಳ್ ಅನ್ನುತ್ತಿದ್ದರು. ಅದೂ ಒಂದೇ. ಜಾಗ ಎಂಥದ್ದು ಎಂದು ನಮ್ಮ ಭಾಷೆ ವಿಚಾರಿಸುವುದಿಲ್ಲ. ಇಂಗ್ಲಿಷ್ ವಿಚಾರಿಸುತ್ತದೆ. ಅದೂ ಜಾಗದ ಹೆಸರು ಬಾಯಿಗೆ ಬರುವ ಮೊದಲೇ, ಏಕೆಂದರೆ ಅವರ ಪ್ರಿಪೊಸಿಷನ್ ಕೂರುವುದು ಹೆಸರಿನ ಮುಂದೆ.

ಇಲ್ಲಿ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಬಾಯಿಬಿಟ್ಟು ಓದಿ, ಕಿವಿಗೆ ಬಿದ್ದರೆ ಬೇಗ ಹತ್ತುತ್ತದೆ.

ಚುಕ್ಕೆ, ಮೈ, ಒಳಗು

ನಾನು ಹಿಡಿದುಕೊಂಡಿರುವ ಲೆಕ್ಕ ಇಷ್ಟು. ಜಾಗವನ್ನು ಮ್ಯಾಪಿನ ಮೇಲಿನ ಒಂದು ಚುಕ್ಕೆಯಂತೆ ನೋಡುತ್ತಿದ್ದರೆ ಅಟ್. ಒಂದು ಮೈ ಅಥವಾ ಗೆರೆಯಂತೆ ನೋಡುತ್ತಿದ್ದರೆ ಆನ್. ಅಂದರೆ ನೆಲ, ಗೋಡೆ, ಮೇಜು, ರಸ್ತೆ, ನದಿಯ ದಂಡೆ, ಗಡಿ. ಸುತ್ತ ಎಲ್ಲೆ ಇರುವ ಒಳಗಿನಂತೆ ನೋಡುತ್ತಿದ್ದರೆ ಇನ್. ಕೋಣೆ, ಪೆಟ್ಟಿಗೆ, ಕಾಡು, ಊರು, ಜಿಲ್ಲೆ, ದೇಶ.

ಕೆಲವು ಕಡೆ ಕನ್ನಡವೇ ನೆರವಿಗೆ ಬರುತ್ತದೆ. ಗೋಡೆಯ ಮೇಲೆ ಹಲ್ಲಿ ಅನ್ನುತ್ತೇವೆ, ಗೋಡೆಯಲ್ಲಿ ಬಿರುಕು ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಹಲ್ಲಿ ಆನ್ ದ ವಾಲ್, ಬಿರುಕು ಇನ್ ದ ವಾಲ್. ಹಲ್ಲಿ ಗೋಡೆಯ ಮೈಗೆ ಅಂಟಿಕೊಂಡಿದೆ, ಬಿರುಕು ಗೋಡೆಯೊಳಗೇ ಇಳಿದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ದೂರದ ಪರಿಚಯದವರಿಗೆ ಬರೆದ ಮೆಸೇಜು ನನಗಿನ್ನೂ ನೆನಪಿದೆ. 'ದೇರ್ ಈಸ್ ಮಡ್ ಆನ್ ದ ರೋಡ್. ದೇರ್ ಆರ್ ಕ್ರ್ಯಾಕ್ಸ್ ಇನ್ ದ ವಾಲ್.' ಆ ಗಾಬರಿಯಲ್ಲಿ ವ್ಯಾಕರಣದ ಯೋಚನೆ ಯಾರಿಗಿತ್ತು? ಆದರೂ ಎರಡೂ ಸರಿಯಾಗಿಯೇ ಬಂದಿದ್ದವು. ಬಹುಶಃ ಕಣ್ಣೆದುರು ನೋಡುತ್ತಿದ್ದುದಕ್ಕೇ ಇರಬೇಕು.

ಇನ್ ಮಡಿಕೇರಿಯೋ, ಅಟ್ ಮಡಿಕೇರಿಯೋ?

'ದೊಡ್ಡ ಊರಿಗೆ ಇನ್, ಸಣ್ಣ ಊರಿಗೆ ಅಟ್' ಎಂಬ ಸೂತ್ರವನ್ನು ನಮಗೆ ಶಾಲೆಯಲ್ಲಿ ಉರು ಹೊಡೆಸಿದ್ದರು. ಅದನ್ನು ಮರೆತರೆ ಒಳ್ಳೆಯದು. ಕಕ್ಕಬ್ಬೆ ಎಷ್ಟೇ ಸಣ್ಣದಿರಲಿ, ಅಲ್ಲಿ ವಾಸ ಮಾಡುವವನು 'ಐ ಲಿವ್ ಇನ್ ಕಕ್ಕಬ್ಬೆ' ಅನ್ನಬೇಕು. ವಾಸ ಅಂದ ಮೇಲೆ ಊರು ಚುಕ್ಕೆಯಲ್ಲ, ಅದಕ್ಕೊಂದು ಒಳಗಿದೆ. ಹಾಗೇ ಜನರಲ್ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ್ದು 'ಇನ್ ಮಡಿಕೇರಿ'. ಹುಟ್ಟು, ಬೆಳವಣಿಗೆ, ಸಾವು, ವಾಸ, ಇವೆಲ್ಲ ಊರಿನ ಒಳಗೆ ನಡೆಯುವಂಥವು.

ಅದೇ ಊರು ಪ್ರಯಾಣದ ನಡುವೆ ಬಂದರೆ ಚುಕ್ಕೆಯಾಗಿಬಿಡುತ್ತದೆ. 'ದ ಬಸ್ ಸ್ಟಾಪ್ಸ್ ಅಟ್ ಕುಶಾಲನಗರ.' ಕುಶಾಲನಗರದ ಅಂಗಡಿ, ಮನೆ, ಓಣಿ ಯಾವುದೂ ಈ ವಾಕ್ಯಕ್ಕೆ ಬೇಕಾಗಿಲ್ಲ. ಬಸ್ಸು ನಿಲ್ಲುವ ಒಂದು ಗುರುತು ಸಾಕು. ಅಂದರೆ ಊರಿನ ಗಾತ್ರಕ್ಕಿಂತ ವಾಕ್ಯದಲ್ಲಿ ಆ ಊರಿಗೇನು ಕೆಲಸ ಎಂಬುದು ಮುಖ್ಯ.

ಊರಿನೊಳಗಿನ ಗುರುತಿನ ಜಾಗಗಳಿಗೆ ಹೆಚ್ಚಾಗಿ ಅಟ್. ಅಟ್ ದ ಬಸ್ ಸ್ಟ್ಯಾಂಡ್, ಅಟ್ ದ ಗೇಟ್, ಅಟ್ ರಾಜಾಸೀಟ್. ಸಂಜೆ ಸೂರ್ಯ ಮುಳುಗುವುದನ್ನು ನೋಡಲು ನೀವು ರಾಜಾಸೀಟಿಗೆ ಹೋಗಿದ್ದೀರಿ, ಫೋನ್ ಬಂತು. 'ವಿ ಆರ್ ಅಟ್ ರಾಜಾಸೀಟ್' ಅಂದರೆ ಸಾಕು. ಇನ್ ರಾಜಾಸೀಟ್ ಅಂದರೆ ಆ ಹಳೆಯ ಮಂಟಪದೊಳಗೆ ಸೇರಿಕೊಂಡಂತೆ ಕೇಳುತ್ತದೆ.

ಎರಡೂ ಒಂದೇ ವಾಕ್ಯದಲ್ಲಿ ಬೇಕಾದರೆ ಕಾವೇರಿಯನ್ನೇ ಕೇಳಬಹುದು: 'ದ ಕಾವೇರಿ ರೈಸಸ್ ಅಟ್ ತಲಕಾವೇರಿ ಇನ್ ದ ಬ್ರಹ್ಮಗಿರಿ ಹಿಲ್ಸ್.' ಹುಟ್ಟುವ ಬಿಂದು ತಲಕಾವೇರಿ, ಅದನ್ನು ಸುತ್ತಿಕೊಂಡಿರುವುದು ಬೆಟ್ಟಸಾಲು. ಮುಂದೆ ಭಾಗಮಂಡಲದಲ್ಲಿ ಕನ್ನಿಕೆ ಬಂದು ಸೇರುತ್ತದೆ, ಸುಜ್ಯೋತಿ ಗುಪ್ತಗಾಮಿನಿ ಎನ್ನುತ್ತಾರೆ. ಸಂಗಮವೆಂದರೆ ಗೆರೆಗಳು ಕೂಡುವ ಚುಕ್ಕೆ, ಹಾಗಾಗಿ 'ಅಟ್ ದ ಕಾನ್‌ಫ್ಲುಯೆನ್ಸ್'. ಎತ್ತರಕ್ಕೂ ಅಟ್ ಬರುತ್ತದೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್. ಅದರ ತುದಿಯಲ್ಲಿ ನಿಂತವರು 'ಅಟ್ 1,748 ಮೀಟರ್ಸ್' ನಿಂತಿರುತ್ತಾರೆ. ತುದಿಗೆ ಅಟ್ ದ ಟಾಪ್, ಬುಡಕ್ಕೆ ಅಟ್ ದ ಫುಟ್. ನಾಲ್ಕುನಾಡು ಅರಮನೆ ಇರುವುದು ಆ ಬೆಟ್ಟದ ಬುಡದಲ್ಲಿ.

ವಿಳಾಸ ಬರೆಯುವಾಗ ಮೂರೂ ಸಾಲಾಗಿ ಬರುತ್ತವೆ. ಮನೆ ನಂಬರಿಗೆ ಅಟ್, ರಸ್ತೆಗೆ ಆನ್, ಊರಿಗೆ ಇನ್. ಬ್ರಿಟಿಷರು ಊರೊಳಗಿನ ಬೀದಿಗೆ 'ಇನ್ ದ ಸ್ಟ್ರೀಟ್' ಅನ್ನುವುದುಂಟು, ಅಮೆರಿಕದವರು 'ಆನ್ ದ ಸ್ಟ್ರೀಟ್' ಅನ್ನುತ್ತಾರೆ. ನಾನು ಆನ್ ಕಡೆಯವನು. ಹೆದ್ದಾರಿಗಂತೂ ಅನುಮಾನವೇ ಬೇಡ: ಕುಶಾಲನಗರ, ಮಡಿಕೇರಿ, ಸಂಪಾಜೆ ಮೂರೂ 'ಆನ್ ನ್ಯಾಷನಲ್ ಹೈವೇ 275'.

ಮರ, ನೀರು, ತೋಟ

ಇಲ್ಲಿ ಕನ್ನಡದವರು ಬೀಳುವುದು ಜಾಸ್ತಿ. ನಾನೂ ಬಿದ್ದಿದ್ದೇನೆ.

ಮರದ ಮೇಲೆ ಹಕ್ಕಿ ಕೂತಿದೆ, ಮರದಲ್ಲಿ ಹಣ್ಣು ಬಿಟ್ಟಿದೆ. ನಮಗೆ ಇದರಷ್ಟು ಸಹಜವಾದ ಮಾತು ಇನ್ನೊಂದಿಲ್ಲ. ಇಂಗ್ಲಿಷ್ ಇದನ್ನು ಪೂರ್ತಿ ತಿರುವಿ ಹಾಕುತ್ತದೆ. 'ಎ ಬರ್ಡ್ ಇನ್ ದ ಟ್ರೀ', 'ಫ್ರೂಟ್ ಆನ್ ದ ಟ್ರೀ'. ಅವರ ಕಣ್ಣಿಗೆ ಮರವೆಂದರೆ ಎಲೆ ಕೊಂಬೆಗಳ ಒಂದು ದೊಡ್ಡ ಗೂಡು, ಹಕ್ಕಿ ಅದರ ಒಳಗೆ ಸೇರಿಕೊಂಡಿದೆ. ಹಣ್ಣಾದರೋ ಕೊಂಬೆಗೆ ಅಂಟಿಕೊಂಡು ಬೆಳೆದದ್ದು, ಮರದ ಮೈಗೆ ಸೇರಿದ್ದು. ನಮ್ಮ ಕಣ್ಣಿಗೆ ಹಕ್ಕಿ ಮೇಲೆ ಬಂದು ಕೂತ ನೆಂಟ, ಹಣ್ಣು ಮರದ ಸ್ವಂತದ್ದು. ಎರಡು ನೋಟಕ್ಕೂ ಅದರದೇ ನ್ಯಾಯವಿದೆ. ಆದರೆ 'ಎ ಬರ್ಡ್ ಆನ್ ದ ಟ್ರೀ' ಎಂದರೆ ಹಕ್ಕಿಯನ್ನು ಮರಕ್ಕೆ ಅಂಟಿಸಿದಂತೆ ಕೇಳಿಸೀತು. ಕೊಂಬೆ ಎಂದು ಬಿಡಿಸಿ ಹೇಳಿದರೆ ಮಾತ್ರ ಆನ್: 'ಆನ್ ಎ ಬ್ರಾಂಚ್'. ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿಗೂ ಆನ್ ದ ಟ್ರೀ. ಬಳ್ಳಿ ಕಾಂಡವನ್ನು ತಬ್ಬಿಕೊಂಡೇ ಏರುತ್ತದಲ್ವಾ?

ನೆರಳಿಗೆ ಬಂದರೆ ಗೊಂದಲವಿಲ್ಲ. ನಮ್ಮ ಕಾಫಿ ಬೆಳೆಯುವುದು ಇನ್ ದ ಶೇಡ್. ಬಿಸಿಲಲ್ಲಿ, ಮಳೆಯಲ್ಲಿ, ಮಂಜಿನಲ್ಲಿ, ಎಲ್ಲಕ್ಕೂ ಇನ್. ಕೊಡಗಿನ ಜೂನ್-ಜುಲೈಯನ್ನು ವರ್ಣಿಸಲು ಇಷ್ಟೇ ಸಾಕಾಗುತ್ತದೆ.

ನದಿಯದು ಸ್ವಲ್ಪ ಸೂಕ್ಷ್ಮ. ನೀರಿಗಿಳಿದು ಈಜಿದರೆ 'ಇನ್ ದ ರಿವರ್'. ಊರೊಂದು ನದಿಯ ದಂಡೆಯಲ್ಲಿದ್ದರೆ 'ಕುಶಾಲನಗರ ಈಸ್ ಆನ್ ದ ಕಾವೇರಿ'. ಇದನ್ನು ಮೊದಲ ಸಲ ಓದಿದಾಗ ಊರು ನೀರ ಮೇಲೆ ತೇಲುತ್ತಿರುವ ಹಾಗೆ ಕಂಡಿತ್ತು. ಇಲ್ಲಿ ನದಿ ಒಂದು ಗೆರೆ, ಊರು ಆ ಗೆರೆಗೆ ತಾಗಿಕೊಂಡಿದೆ, ಅಷ್ಟೇ. ಹೆದ್ದಾರಿಗೂ ಗಡಿಗೂ ಬಂದ ಆನ್ ಇದೇ. ನಿಸರ್ಗಧಾಮ ಕಾವೇರಿಯ ನಡುವಿನ ದ್ವೀಪ. ಹಾಗಾಗಿ ಅದು 'ಆ್ಯನ್ ಐಲ್ಯಾಂಡ್ ಇನ್ ದ ಕಾವೇರಿ'. ಅಲ್ಲಿನ ಬಿದಿರು ಮೆಳೆಗಳು 'ಆನ್ ದ ಐಲ್ಯಾಂಡ್'. ದಾಟುವ ತೂಗುಸೇತುವೆ 'ಓವರ್ ದ ರಿವರ್'. ನೀವು ನಿಂತಿರುವುದು 'ಆನ್ ದ ಬ್ರಿಡ್ಜ್'. ಮೂರು ಪ್ರಿಪೊಸಿಷನ್ ಕಲಿಯಲು ಒಂದು ಟಿಕೆಟ್ ಸಾಕು.

ತೋಟದ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ರಾಜಿ ಆಗಿಲ್ಲ. ಇಂಗ್ಲಿಷರು 'ಆನ್ ಎ ಫಾರ್ಮ್', 'ಆನ್ ಎ ಕಾಫಿ ಎಸ್ಟೇಟ್' ಅನ್ನುತ್ತಾರೆ. ದುಡಿಯುವ, ಬದುಕುವ ಭೂಮಿ ಎಂಬ ಅರ್ಥದಲ್ಲಿ ಆನ್. ಗದ್ದೆಗೆ ಮಾತ್ರ 'ಇನ್ ದ ಫೀಲ್ಡ್', ಕಾಡಿಗೆ 'ಇನ್ ದ ಫಾರೆಸ್ಟ್'. ಆದರೆ ಕೊಡಗಿನ ತೋಟದೊಳಗೆ ಒಮ್ಮೆ ನಡೆದು ನೋಡಿ. ತಲೆ ಮೇಲೆ ಮರ, ಎದೆಮಟ್ಟ ಗಿಡ, ಆಕಾಶ ಕಾಣುವುದೇ ಅಲ್ಲೊಂದು ಇಲ್ಲೊಂದು ತೂತಿನಲ್ಲಿ. ಇದಕ್ಕೆ ಆನ್ ಅನ್ನಲು ನನಗೆ ನಾಲಿಗೆ ಹೊರಳುವುದಿಲ್ಲ. ನಮ್ಮ ಕಡೆಯ ಇಂಗ್ಲಿಷಿನಲ್ಲಿ ಎಲ್ಲರೂ 'ಇನ್ ದ ಎಸ್ಟೇಟ್' ಅನ್ನುವುದೂ ಅದಕ್ಕೇ ಇರಬೇಕು. ಪರೀಕ್ಷೆ ಬರೆಯುವವರು ಆನ್ ಬರೆಯಿರಿ. ಅತಿಥಿಗೆ ಬರೆಯುವ ನಾನು ಇನ್ ಬಿಡುವುದಿಲ್ಲ. ಕಣದಲ್ಲಿ ಒಣಗಲು ಹರಡಿದ ಕಾಫಿಗೂ ಹೀಗೇ. ಕಣವನ್ನು ಚಪ್ಪಟೆ ನೆಲ ಎಂದುಕೊಂಡರೆ ಆನ್, ಅಂಗಳ ಎಂದುಕೊಂಡರೆ ಇನ್.

ಬಸ್ಸಿಗೆ ಆನ್, ಕಾರಿಗೆ ಇನ್

ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಒಳಗೆ ಎದ್ದು ನಿಂತು ಓಡಾಡಬಹುದಾದರೆ ಆನ್: ಬಸ್ಸು, ರೈಲು, ವಿಮಾನ, ಹಡಗು. (ಕೊಡಗಿಗೆ ರೈಲು ಬಂದಿಲ್ಲ, ಹಾಗಾಗಿ 'ಆನ್ ದ ಟ್ರೇನ್' ಎಂದು ಹೇಳಲು ನಾವು ಮೈಸೂರಿಗಾದರೂ ಹೋಗಬೇಕು.) ಬಗ್ಗಿ ಹತ್ತಿ ಕೂತಲ್ಲೇ ಕೂರಬೇಕಾದರೆ ಇನ್: ಕಾರು, ಆಟೋ, ಜೀಪು. ಮಾಂದಲ್‌ಪಟ್ಟಿಗೆ ಹೋಗುವುದು 'ಇನ್ ಎ ಜೀಪ್', ಒಳಗೆ ಎಷ್ಟೇ ಹಾರಿ ಬಿದ್ದರೂ. ಕಾಲು ಎರಡು ಕಡೆ ಹಾಕಿ ಕೂರುವಂಥದ್ದಕ್ಕೆ ಮತ್ತೆ ಆನ್: ಬೈಕು, ಸೈಕಲ್ಲು, ಕುದುರೆ, ಆನೆ. ಸಣ್ಣ ದೋಣಿಗೆ, ಬುಟ್ಟಿಯಂಥ ಹರಿಗೋಲಿಗೆ ಇನ್ ಸಲೀಸು.

ಒಮ್ಮೆ ನಾನು ಅತಿಥಿಗಳಿಗೆ 'ಪ್ಲೀಸ್ ವೇಟ್ ಆನ್ ದ ಕಾರ್' ಎಂದು ಕಳಿಸಿದ್ದೆ. ಗೇಟಿನ ಹತ್ತಿರ ಹೋಗಿ ನೋಡಿದರೆ ಒಬ್ಬ ಹುಡುಗ ನಿಜಕ್ಕೂ ಬಾನೆಟ್ ಮೇಲೆ ಕೂತು ನಗುತ್ತಿದ್ದ.

ಮೇಲೆ, ಕೆಳಗೆ

ಕನ್ನಡದ 'ಮೇಲೆ' ಇಂಗ್ಲಿಷಿನಲ್ಲಿ ಮೂರು ಪಾಲಾಗುತ್ತದೆ. ತಾಗಿಕೊಂಡಿದ್ದರೆ ಆನ್. ನೆತ್ತಿಗೆ ಸರಿಯಾಗಿ, ಅಥವಾ ಮುಚ್ಚಿಕೊಂಡಂತೆ, ಅಥವಾ ದಾಟುವಂತೆ ಇದ್ದರೆ ಓವರ್. ಸುಮ್ನೆ ಎತ್ತರದಲ್ಲಿದ್ದರೆ ಅಬೌವ್. ಬೆಳಗ್ಗೆ ಕಣಿವೆಯನ್ನು ಮುಚ್ಚಿಕೊಂಡ ಮಂಜು 'ಓವರ್ ದ ವ್ಯಾಲಿ'. ರಸ್ತೆಗಿಂತ ಎತ್ತರದ ದಿಣ್ಣೆಯಲ್ಲಿರುವ ಮನೆ 'ಅಬೌವ್ ದ ರೋಡ್'. 'ಆನ್ ದ ರೋಡ್' ಎಂದರೆ ರಸ್ತೆಗೆ ತಾಗಿದ ಮನೆ. ಕೊಡಗಿನಂಥ ಏರುತಗ್ಗಿನ ನಾಡಿನಲ್ಲಿ ಈ ಎರಡರ ನಡುವೆ ನೂರು ಮೆಟ್ಟಿಲಿನ ಅಂತರವಿರಬಹುದು. ಲಗೇಜ್ ಹೊತ್ತು ಬರುವವರಿಗೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

'ಕೆಳಗೆ'ಯ ಕತೆಯೂ ಹೀಗೇ. ಏನಾದರೂ ಮೇಲಿಂದ ಮುಚ್ಚಿದ್ದರೆ ಅಂಡರ್: ಮಂಚದ ಕೆಳಗೆ ನಾಯಿ, ಕೊಡೆಯ ಕೆಳಗೆ ನಾವು. ಮಟ್ಟದಲ್ಲಿ ತಗ್ಗಿದ್ದರೆ ಬಿಲೋ. ನಮ್ಮ ಮನೆ 'ಬಿಲೋ ದ ರೋಡ್'. ಇದೊಂದು ಪದ ಸಿಗಲು ನನಗೆ ಒಂದು ವರ್ಷ ಹಿಡಿಯಿತು.

ಎದುರು ಮತ್ತು ಹತ್ತಿರ

'ಶಾಲೆ ಎದುರು ನಮ್ಮ ಗೇಟು' ಎನ್ನುತ್ತೇವೆ. 'ಶಾಲೆ ಎದುರು ನಿಂತಿರಿ' ಅಂತಲೂ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಇವೆರಡೂ ಬೇರೆ. ನಡುವೆ ರಸ್ತೆ ಇದ್ದು ಮುಖಾಮುಖಿಯಾಗಿದ್ದರೆ ಆಪೋಸಿಟ್. ಶಾಲೆಯ ಬಾಗಿಲ ಮುಂದೆಯೇ, ರಸ್ತೆಯ ಅದೇ ಬದಿಗಿದ್ದರೆ ಇನ್ ಫ್ರಂಟ್ ಆಫ್. ನಾನು ಗೇಟು 'ಇನ್ ಫ್ರಂಟ್ ಆಫ್ ದ ಸ್ಕೂಲ್' ಎಂದು ಬರೆದ ತಪ್ಪಿಗೆ ಒಂದು ಕುಟುಂಬ ಮಳೆಯಲ್ಲಿ ಶಾಲೆಯ ಕಾಂಪೌಂಡ್ ಸುತ್ತಿ ಸುತ್ತಿ ನಮ್ಮ ಗೇಟು ಹುಡುಕಿತ್ತು. ಗೇಟು ಇದ್ದದ್ದು ಅವರ ಬೆನ್ನ ಹಿಂದೆ, ರಸ್ತೆಯ ಆಚೆ. ಅಂಗಡಿ ಬೋರ್ಡುಗಳಲ್ಲಿ ಬರೆಯುವ 'ಆಪ್.' ಎಂಬುದನ್ನು ನೆನಪಿಟ್ಟುಕೊಂಡಿದ್ದರೂ ಸಾಕಿತ್ತು. ಆಪೋಸಿಟ್ ಆದ ಮೇಲೆ 'ಟು' ಬೇಡ.

ನಿಯರ್‌ಗೂ ಜಾಗದ ಮುಂದೆ 'ಟು' ಹಾಕದಿದ್ದರೇ ಚೆನ್ನ. ಆದರೆ ಈ ನಿಯರ್ ಎಷ್ಟು ದೂರ ಎಂಬುದನ್ನು ಯಾವ ಇಂಗ್ಲಿಷ್ ಮೇಷ್ಟ್ರೂ ಹೇಳಲಾರರು. ನಮ್ಮವರ 'ಇಲ್ಲೇ ಹತ್ತಿರ' ಮೂರು ತಿರುವು, ಒಂದು ಸೇತುವೆ ದಾಟಿದ ಮೇಲೂ ಮುಗಿಯುವುದಿಲ್ಲ. ಪಕ್ಕದಲ್ಲೇ ತಾಗಿಕೊಂಡಿದ್ದರೆ 'ನೆಕ್ಸ್ಟ್ ಟು', ಅಂಚಿನಲ್ಲಿದ್ದರೆ 'ಬೈ ದ ರಿವರ್', ಇನ್ನುಳಿದದ್ದಕ್ಕೆಲ್ಲ ಕಿಲೋಮೀಟರ್ ಬರೆದುಬಿಡಿ.

ಮೂಲೆಗೂ ಒಂದು ಮಾತು. ಕೋಣೆಯ ಮೂಲೆ 'ಇನ್ ದ ಕಾರ್ನರ್'. ರಸ್ತೆಯ ಮೂಲೆ 'ಅಟ್ ದ ಕಾರ್ನರ್' ಅಥವಾ 'ಆನ್ ದ ಕಾರ್ನರ್'. ಕೋಣೆಯ ಮೂಲೆ ನಮ್ಮನ್ನು ಒಳಗೆ ಒತ್ತುತ್ತದೆ, ರಸ್ತೆಯ ಮೂಲೆ ಹೊರಗೆ ಚಾಚಿರುತ್ತದೆ.

ಒಂದೇ ಜಾಗ, ಬೇರೆ ಬೇರೆ ಅರ್ಥ

ಕೆಲವು ಕಡೆ ಪ್ರಿಪೊಸಿಷನ್ ಬದಲಾದರೆ ತಪ್ಪಾಗುವುದಿಲ್ಲ, ಕತೆಯೇ ಬದಲಾಗುತ್ತದೆ. ಇದು ಹೆಚ್ಚು ಅಪಾಯ.

ಪಂದಿ ಕರಿ, ಕಡಂಬುಟ್ಟು 'ಆನ್ ದ ಟೇಬಲ್' ಇರುತ್ತವೆ. ಅತಿಥಿಗಳು 'ಅಟ್ ದ ಟೇಬಲ್' ಇರುತ್ತಾರೆ. ಅದಲು ಬದಲು ಮಾಡಿದರೆ ಅತಿಥಿಗಳೇ ಊಟಕ್ಕೆ ಬಡಿಸಿದಂತೆ ಆಗುತ್ತದೆ.

ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಬ್ರಿಟಿಷ್ ರೀತಿಯಲ್ಲಿ 'ಇನ್ ಹಾಸ್ಪಿಟಲ್', ಅಮೆರಿಕದ ರೀತಿಯಲ್ಲಿ 'ಇನ್ ದ ಹಾಸ್ಪಿಟಲ್'. ಯಾರನ್ನೋ ನೋಡಲು ಹೋಗಿದ್ದರೆ 'ಅಟ್ ದ ಹಾಸ್ಪಿಟಲ್'. ನೆಂಟರೊಬ್ಬರನ್ನು ನೋಡಲು ಹೋದವನು ಗಡಿಬಿಡಿಯಲ್ಲಿ 'ಸಾರಿ, ಐ ಆಮ್ ಇನ್ ಹಾಸ್ಪಿಟಲ್' ಎಂದು ಕಳಿಸಿಬಿಟ್ಟೆ. ಮರುದಿನ ಬರಬೇಕಿದ್ದವರು ಬುಕಿಂಗ್ ಕ್ಯಾನ್ಸಲ್ ಮಾಡಿ, ಬೇಗ ಗುಣವಾಗಲಿ ಎಂದು ಹಾರೈಸಿದರು. ಎರಡಕ್ಷರಕ್ಕೆ ಎರಡು ರಾತ್ರಿಯ ಬಾಡಿಗೆ ಹೋಯಿತು.

ಸಂತೆಗೆ ಬಂದವನು 'ಅಟ್ ದ ಮಾರ್ಕೆಟ್'. ಆ ಗದ್ದಲದ ಒಳಗೆಲ್ಲೋ ಕಳೆದುಹೋದವನು 'ಇನ್ ದ ಮಾರ್ಕೆಟ್'. 'ಆನ್ ದ ಮಾರ್ಕೆಟ್' ಎಂದರೆ ಮಾರಾಟಕ್ಕಿದೆ ಎಂದರ್ಥ. ಅದು ಕರಿಮೆಣಸಿಗೆ ಸರಿ, ಮನುಷ್ಯನಿಗೆ ಬೇಡ.

ಹಾಸಿಗೆಯಲ್ಲಿ ಹೊದ್ದು ಮಲಗಿದ್ದರೆ 'ಇನ್ ಬೆಡ್', ಹಾಸಿಗೆಯ ಮೇಲೆ ಟವೆಲ್ ಇಟ್ಟಿದ್ದರೆ 'ಆನ್ ದ ಬೆಡ್'. ಜಗಲಿ, ಟೆರೇಸು, ಬಾಲ್ಕನಿ ಮೂರಕ್ಕೂ ಆನ್. 'ಇನ್ ದ ಟೆರೇಸ್' ನಮ್ಮಲ್ಲಿ ಮಾಮೂಲಿ ತಪ್ಪು. ಫೋಟೋದೊಳಗೆ ಕಾಣುವುದಕ್ಕೆ ಇನ್, ಫೋನು ಮತ್ತು ವಾಟ್ಸ್ಯಾಪಿಗೆ ಆನ್.

ದಿಕ್ಕು ಹೇಳುವಾಗ

ಜಿಲ್ಲೆಯೊಳಗಿನ ದಿಕ್ಕಿಗೆ ಇನ್, ಅಂಚಿಗೆ ಆನ್, ಹೊರಗಿನದಕ್ಕೆ ಟು. ಸೋಮವಾರಪೇಟೆ 'ಇನ್ ದ ನಾರ್ತ್ ಆಫ್ ಕೊಡಗು'. ಸಂಪಾಜೆ ದಕ್ಷಿಣ ಕನ್ನಡದ ಜೊತೆಗಿನ ಗಡಿಯಲ್ಲಿದೆ, ಹಾಗಾಗಿ 'ಆನ್ ದ ಬಾರ್ಡರ್'. ಹಾಸನ 'ಟು ದ ನಾರ್ತ್ ಆಫ್ ಕೊಡಗು'. ಹಾಸನಕ್ಕೆ ಇನ್ ಹಾಕಿದರೆ ಅದನ್ನು ಕೊಡಗಿಗೆ ಸೇರಿಸಿಕೊಂಡಂತೆ. ಎಡ ಬಲಕ್ಕೆ ಆನ್, ಮಧ್ಯಕ್ಕೆ ಇನ್: ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕೊಳದ ನಡುವಿನ ಮಂಟಪ 'ಇನ್ ದ ಮಿಡಲ್ ಆಫ್ ದ ಟ್ಯಾಂಕ್'.

ಏನೂ ಹಾಕದಿರುವುದೇ ಸರಿಯಾದ ಆಯ್ಕೆ ಆಗಿರುವ ಕಡೆಗಳೂ ಇವೆ. ರೀಚ್ ಆದ ಮೇಲೆ ಏನೂ ಬೇಡ, 'ರೀಚ್ ಮಡಿಕೇರಿ' ಅಷ್ಟೇ. ಎಂಟರ್ ಆದ ಮೇಲೂ ಬೇಡ, 'ಎಂಟರ್ ದ ಗೇಟ್'. ನಮ್ಮ 'ಮಡಿಕೇರಿಗೆ ತಲುಪಿದೆ' ಎಂಬ 'ಗೆ'ಯನ್ನು ಎಳೆದು ತಂದು 'ರೀಚ್ಡ್ ಟು' ಎನ್ನುವವರೇ ಎಲ್ಲ. ಅರೈವ್ ಆದರೆ ಊರಿಗೆ ಇನ್, ಗೇಟಿಗೆ, ಬಸ್ ಸ್ಟ್ಯಾಂಡಿಗೆ ಅಟ್. ಟು ಎಂದೂ ಇಲ್ಲ. ಮನೆಗೆ ಹೋಗುವುದಕ್ಕಂತೂ 'ಗೋ ಹೋಮ್' ಸಾಕು.

ಸದ್ಯಕ್ಕೆ ನಮ್ಮ ಮೆಸೇಜು ಹೀಗಿದೆ: 'ಟೇಕ್ ದ ರೋಡ್ ಫ್ರಮ್ ನಾಪೋಕ್ಲು ಟು ಕಕ್ಕಬ್ಬೆ. ಅವರ್ ಗೇಟ್ ಈಸ್ ಆನ್ ದ ಲೆಫ್ಟ್, ಆಪೋಸಿಟ್ ದ ಸ್ಕೂಲ್. ದ ಹೌಸ್ ಈಸ್ ಬಿಲೋ ದ ರೋಡ್, ಇನ್ ಎ ಕಾಫಿ ಎಸ್ಟೇಟ್. ಪ್ಲೀಸ್ ವೇಟ್ ಇನ್ ಯುವರ್ ಕಾರ್ ಅಟ್ ದ ಗೇಟ್. ವಿ ವಿಲ್ ಕಮ್ ಅಪ್ ಅಂಡ್ ಮೀಟ್ ಯೂ.' ಮೂರನೆಯ ವಾಕ್ಯದ ಇನ್ ಅನ್ನು ಅಣ್ಣನ ಮಗಳು ಎರಡು ಸಲ ಆನ್ ಮಾಡಿದ್ದಾಳೆ, ನಾನು ಎರಡು ಸಲವೂ ವಾಪಸ್ ಇನ್ ಮಾಡಿದ್ದೇನೆ.